ಲಾಟ್ ನಂಬರು

ಗಾದಿಲಿಂಗಪ್ಪನ ಉಣ್ಣೆದಾರದ ಅಂಗಡಿಗೆ ನಾನು ಕಾಲಿಟ್ಟರೆ
ಎಲ್ಲರೂ ಒಂದು ಸುತ್ತು ಸೀನುತ್ತಾರೆ.
ಬಂದಳು ನೋಡು ಗುಂಟೂರು, ಅನ್ನುತ್ತಾಳೆ ಹೊನ್ನೂರಬಿ
ಕಡ್ಡಿಯಿಂದ ಕಣ್ಣೆತ್ತದೆ.
ಸಿರುಗುಪ್ಪ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ಮೆಣಸಿನಕಾಯಿ ಚೀಲಕ್ಕೆ ನಂಬರು ಬರೆಯುವವಳು ನಾನು.
ಎಷ್ಟು ಒಗೆದರೂ ಘಾಟು ಸೀರೆ ಬಿಡುವುದಿಲ್ಲ.

ಹೊರಗೆ ನಲವತ್ತೆರಡು. ಒಳಗೆ ಆರು.
ಈ ಊರಿನ ಚಳಿಗಾಲಕ್ಕೆ ಕಬ್ಬಿಣದ ಬಾಗಿಲಿದೆ,
ಬೀಗದ ಕೈ ಮೇಸ್ತ್ರಿ ಎರ್ರಿಸ್ವಾಮಿಯ ಉಡಿದಾರದಲ್ಲಿದೆ.
ದಿನಕ್ಕೆ ಹದಿನೈದು ಸಲ ದಾಟುತ್ತೇನೆ
ಚೈತ್ರದಿಂದ ಪುಷ್ಯಕ್ಕೆ, ಪುಷ್ಯದಿಂದ ಚೈತ್ರಕ್ಕೆ.
ಅದಕ್ಕೇ ಈ ಸ್ವೆಟರು.
ಬದನೆ ಬಣ್ಣ.
ಎದೆ ಆಯಿತು, ಬೆನ್ನಾಯಿತು, ಎಡತೋಳಾಯಿತು.
ಬಲತೋಳು ಮೊಣಕೈಗೆ ಬಂದು ನಿಂತಿತು.
ದಾರ ಮುಗಿದಿತ್ತು.

ಗಾದಿಲಿಂಗಪ್ಪ ಏಣಿ ಹತ್ತಿ ಒಂದು ಉಂಡೆ ಇಳಿಸಿದ.
ನನ್ನ ತೋಳು, ಅವನ ಉಂಡೆ,
ಎರಡನ್ನೂ ಬೀದಿಯ ಬಿಸಿಲಿಗೆ ಒಯ್ದು ಒತ್ತಟ್ಟಿಗೆ ಹಿಡಿದ.
"ಇದೂ ಬದನೇನೆ ಅವ್ವ. ಆದ್ರೆ ಬೇರೆ ಗಿಡದ್ದು.
ಲೂಧಿಯಾನದಾಗೆ ಬಣ್ಣದ ಹಂಡೆ ಅವತ್ತೆಂಗ ಕುದೀತೋ ಅಷ್ಟೇ.
ಮತ್ತೆ ಹಂಗೇ ಕುದಿಯಂಗಿಲ್ಲ."

ನನಗೆ ನಗು ಬಂತು.
ಒಂದು ಹೊಲದ ಕೆಂಪು, ಒಂದು ಕಣದ ಬಿಸಿಲು,
ಲಾಟಿಗೆ ಲಾಟು ಬೆರೆಸಬೇಡಿ ಅಂತ
ದಿನಾ ದಲಾಲರ ಕೂಡ ಜಗಳಾಡುವವಳು ನಾನು.

ಕೌಲ್ ಬಜಾರಿನ ಆ ಸಾಲಿನಲ್ಲಿ
ನಾಲ್ಕು ಗಂಟೆಗೆ ನೆರಳು ಬೀಳುವುದು ಅವನ ಕಟ್ಟೆಯ ಮೇಲೊಂದೇ.
ಅದಕ್ಕೇ ಕೂರಲು ಶುರುಮಾಡಿದ್ದು ಅನ್ನುತ್ತಾರೆ,
ಹೆಣಿಗೆ ಆಮೇಲೆ ಬಂತು.
ಹೊನ್ನೂರಬಿ ಜೀನ್ಸ್ ಯೂನಿಟ್ಟಿನಿಂದ ಬರುತ್ತಾಳೆ,
ಬೆರಳಿಗಿನ್ನೂ ನೀಲಿ ಹತ್ತಿರುತ್ತದೆ.
ಹಗಲಿಗೆ ಇನ್ನೂರು ಜಿಪ್ಪು, ಸಂಜೆಗೆ ಒಂದು ಕುಲಾವಿ,
ದೊಡ್ಡಾಸ್ಪತ್ರೆಯ ತೂಕ ಸಾಲದ ಕೂಸುಗಳಿಗೆ.
ಸುಗುಣಮ್ಮ ಟೀಚರು ತೆಲುಗಿನಲ್ಲಿ ಎಣಿಸುತ್ತಾರೆ,
ತಪ್ಪಿದರೆ ಕನ್ನಡದಲ್ಲಿ ಬೈಯುತ್ತಾರೆ.
ಆಟೋ ಜಡೆಪ್ಪ ಗಿರಾಕಿಗೆ ಕಾದು ಕಾದು ಕಲಿತ.
ಬಿಸಿಲಿಗೆ ಹ್ಯಾಂಡಲ್ಲು ಕಾದ ಹಂಚಾಗತೈತೆ ಅಂತ
ಅದಕ್ಕೆರಡು ಹಸಿರು ಗವಸು ಹೆಣೆದು ತೊಡಿಸಿದ್ದಾನೆ.
ಚಾ ಅಂಗಡಿಯವರು ವಾರವೆಲ್ಲ ನಕ್ಕರು.
ಈಗ ಮೂವರು ಮುಂಗಡ ಕೊಟ್ಟಿದ್ದಾರೆ.

ನನ್ನ ತೋಳು ಕೈಯಿಂದ ಕೈಗೆ ಹೋಯಿತು.
ಚೀಲಗಳ ತಳ ಕೆದಕಿದರು.
ಟೀಚರಿಗೆ ಸಿಕ್ಕಿದ್ದು ಗುಳಬದನೆ, ನನ್ನದು ಗುಂಡುಬದನೆ.
"ಹಸಿರು ಹಾಕ್ಕ, ತೊಟ್ಟು ಅಂತ ತಿಳ್ಕಂತಾರೆ" ಅಂದ ಜಡೆಪ್ಪ.
ಹೊನ್ನೂರಬಿ ಮಾತ್ರ ಸುಮ್ಮನೆ ಒಂದೇ ಸಾಲು ಬಿಚ್ಚುತ್ತ, ಹಾಕುತ್ತ.
ಆಮೇಲೆ, ಯಾರಿಗೋ ಹೇಳುವ ಹಾಗೆ:
"ಆ ದಾರ ನನ್ನ ಹತ್ರಾನೇ ಇತ್ತು. ಕಡೇ ಉಂಡೆ.
ಅವಳಿ ಹುಟ್ಟ್ಯಾವೆ ಅಂದ್ರು ನರ್ಸಮ್ಮ,
ಎರಡೂ ಸೇರಿದ್ರೆ ಮೂರು ಕೇಜಿ ಇಲ್ಲ.
ಎರಡಕ್ಕೂ ಒಂದೇ ಬಣ್ಣ ಇರ್ಲಿ ಅಂತ...
ತೆಕ್ಕಲಕೋಟೆ ಕಡೇರು. ಶುಕ್ರವಾರ ಕರ್ಕೊಂಡು ಹೋದ್ರು."

ಒಂದು ಎತ್ತಿನ ಗಾಡಿ ಹೋಗುವಷ್ಟು ಹೊತ್ತು
ಯಾರೂ ಮಾತಾಡಲಿಲ್ಲ.
ಗಾದಿಲಿಂಗಪ್ಪ ಬೇರೆ ಗಿಡದ ಉಂಡೆಯನ್ನೇ ಕಾಗದಕ್ಕೆ ಸುತ್ತಿದ,
ಹತ್ತು ರೂಪಾಯಿ ಬಿಟ್ಟ.
"ಹಗಲು ಬೆಳಕಿಗೆ ಮಾತ್ರ ಗೊತ್ತಾಗತೈತೆ ಅವ್ವ.
ಬಳ್ಳಾರಿಯಾಗೆ ಹಗಲೊತ್ತು ಸ್ವೆಟರ್ ಯಾರು ಹಾಕ್ಕಂತಾರೆ?"
ಎಲ್ಲರೂ ನಕ್ಕರು. ನಕ್ಕವರೆಲ್ಲ ಸೀನಿದರು.

ಒಳಗಿನ ಟ್ಯೂಬ್‌ಲೈಟಿಗೆ ಅವನ ಮಾತು ನಿಜ.
ಕೈಯೆತ್ತಿ ಚೀಲದ ಮೇಲೆ ಬರೆಯುವಾಗ
ಮೊಣಕೈಯಿಂದ ಮುಂಗೈಗೆ ಎಲ್ಲಿ ಹಂಡೆ ಬದಲಾಯಿತು
ನನಗೂ ಕಾಣುವುದಿಲ್ಲ.
ಆದರೆ ಊಟದ ಹೊತ್ತಿಗೆ ಬಾಗಿಲು ದಾಟಿ
ಬಿಸಿಲಲ್ಲಿ ನಿಂತು ಸ್ವೆಟರು ಕಳಚುವ ಆ ಒಂದು ಗಳಿಗೆ
ಗೆರೆ ಎದ್ದು ಕಾಣುತ್ತದೆ,
ತೋಳಿನ ಅರ್ಧಕ್ಕೆ ಊರಿನ ಗಡಿಕಲ್ಲಿನ ಹಾಗೆ.

ನಾಲ್ಕು ತಿಂಗಳಾಯಿತು.
ಆ ಕುಲಾವಿ ಈಗ ಬಿಗಿಯಾಗಿರಬೇಕು.
ಎರಡೂ.
ಕಿವಿಯ ಮೇಲೆ ಏರುತ್ತಿಲ್ಲ ಅಂತ ಯಾರೋ ಎಳೆಯುತ್ತಿರಬೇಕು.
ಹಾಗಂದುಕೊಂಡು ಒಳಗೆ ಹೋಗುತ್ತೇನೆ.
ಮುಂದಿನ ಚೀಲ.